ಎಸ್ಸೆಸ್ಸೆಲ್ಸಿಯ ಸಿದ್ಧತೆ ಏಳನೆಯ ತರಗತಿಯಲ್ಲಿ



ಫೆಬ್ರವರಿ ತಿಂಗಳು ಬಂತೆಂದರೆ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಒಂದು ಪದ್ಧತಿ ತಪ್ಪದೆ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತುಕೊಳ್ಳಲಿರುವ ಬಾಲಕ ಬಾಲಕಿಯರನ್ನು ಪೀಠದ ಮುಂದೆ ಕರೆದು, ಅವರ ಲೇಖನಿಗಳನ್ನು ಆಶೀರ್ವದಿಸಿ, ಅವರಿಗಾಗಿ ವಿಶೇಷ ಪ್ರಾರ್ಥನೆ ಸಲ್ಲಿಸಲಾಗುತ್ತದೆ. ವರ್ಷವಿಡೀ ದೇವಾಲಯದ ಹಿಂದಿನ ಸಾಲಿನಲ್ಲಿ ನಿಲ್ಲುವ ತಂದೆಯೂ ಅಂದು ಮುಂದಿನ ಸಾಲಿಗೆ ಬರುತ್ತಾನೆ. ಇದು ಒಳ್ಳೆಯ ಪದ್ಧತಿಯೇ, ಮುಂದುವರಿಯಲಿ. ಆದರೆ ಇಷ್ಟು ವರ್ಷಗಳಲ್ಲಿ ಏಳನೆಯ ತರಗತಿಯ ಮಗುವೊಂದನ್ನು ಕರೆತಂದು, "ಸ್ವಾಮಿ, ಮುಂದಿನ ವರ್ಷ ಇವನು ಹೈಸ್ಕೂಲಿಗೆ ಹೋಗುತ್ತಾನೆ, ಇವನಿಗೂ ಒಂದು ಪ್ರಾರ್ಥನೆ ಮಾಡಿರಿ" ಎಂದು ಕೇಳಿದ ಹೆತ್ತವರನ್ನು ನಾನು ಕಂಡಿಲ್ಲ. ಆ ವಯಸ್ಸಿನ ಮಕ್ಕಳ ಓದಿನ ಬಗ್ಗೆ ವಿಚಾರಿಸಿದರೆ ನಮ್ಮ ಸೀಮೆಯಲ್ಲಿ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: "ಇನ್ನೂ ಸಣ್ಣಾವ ಅದಾನ್ರಿ, ಹತ್ತನೇತ್ತಕ್ಕ ಬಂದಮ್ಯಾಲ ನೋಡೋಣ ಬಿಡ್ರಿ."

ಹತ್ತನೆಯ ತರಗತಿಗೆ ಬಂದ ಮೇಲೆ ನೋಡುವುದಕ್ಕೆ ಬಹಳವೇನೂ ಉಳಿದಿರುವುದಿಲ್ಲ ಎಂಬುದನ್ನು ಈ ವಾರ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಈ ಪರೀಕ್ಷೆಯ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳೋಣ. ಪ್ರಥಮ ಭಾಷೆಗೆ 125 ಅಂಕಗಳು, ಉಳಿದ ಐದು ವಿಷಯಗಳಿಗೆ ತಲಾ 100 ಅಂಕಗಳು, ಒಟ್ಟು 625. ಇದರಲ್ಲಿ ಪ್ರಥಮ ಭಾಷೆಯ 25 ಮತ್ತು ಇತರ ವಿಷಯಗಳ ತಲಾ 20 ಅಂಕಗಳು ಶಾಲೆಯಲ್ಲಿಯೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಶೇ. 75ರಷ್ಟು ಹಾಜರಿ ಇಲ್ಲದ ವಿದ್ಯಾರ್ಥಿಗೆ ಪರೀಕ್ಷೆಗೆ ಕುಳಿತುಕೊಳ್ಳುವ ಅರ್ಹತೆಯೇ ಇಲ್ಲ. 2024ರಿಂದ ವಾರ್ಷಿಕ ಹಾಗೂ ಪೂರಕ ಪರೀಕ್ಷೆಗಳೆಂಬ ಹಳೆಯ ವಿಭಾಗ ಹೋಗಿ, ವರ್ಷಕ್ಕೆ ಮೂರು ಪರೀಕ್ಷೆಗಳ ವ್ಯವಸ್ಥೆ ಬಂದಿತು. ಅದೇ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿರಿಸಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ವಹಿಸುವ ಕ್ರಮವೂ ಜಾರಿಗೆ ಬಂದಿತು. ಅದರ ಪರಿಣಾಮವನ್ನು ನಾಡೆಲ್ಲ ಕಂಡಿತು. ಶೇ. 20ರಷ್ಟು ಕೃಪಾಂಕಗಳನ್ನು ನೀಡಿದ ಮೇಲೂ ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷಕ್ಕಿಂತ ಕುಸಿದು ಶೇ. 73ರ ಆಸುಪಾಸಿನಲ್ಲಿ ನಿಂತಿತು. 2025ರಲ್ಲಿ ಕೃಪಾಂಕಗಳಿಲ್ಲದೆ ನಡೆದ ಮೊದಲ ಪರೀಕ್ಷೆಯಲ್ಲಿ ರಾಜ್ಯದ ಮಕ್ಕಳ ಪೈಕಿ ಸರಿಸುಮಾರು ಮೂವರಲ್ಲಿ ಒಬ್ಬರು ಅನುತ್ತೀರ್ಣರಾದರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಶೇ. 91 ಮಂದಿ ತೇರ್ಗಡೆಯಾದರೆ ಕಲಬುರಗಿಯಲ್ಲಿ ಶೇ. 42 ಮಾತ್ರ.

ಕ್ಯಾಮೆರಾ ಮಕ್ಕಳನ್ನು ದಡ್ಡರನ್ನಾಗಿ ಮಾಡಲಿಲ್ಲ, ಮೊದಲೇ ಇದ್ದುದನ್ನು ತೋರಿಸಿತು ಅಷ್ಟೆ. ಕಿಟಕಿಯಿಂದ ಚೀಟಿ ಒಗೆಯುವ ಸೋದರಮಾವಂದಿರ ಸೇವೆಯನ್ನು ನಂಬಿಕೊಂಡು ನಾವು ಎಷ್ಟು ವರ್ಷ ಸಮಾಧಾನದಿಂದ ಇದ್ದೆವೆಂಬುದನ್ನು ನೆನೆದರೆ ಸಂಕೋಚವಾಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವರು ತೇರ್ಗಡೆಯ ಮಿತಿಯನ್ನು ಶೇ. 35ರಿಂದ 33ಕ್ಕೆ ಇಳಿಸಿರುವುದಾಗಿ, ಅಂದರೆ ಒಟ್ಟು 625ಕ್ಕೆ 206 ಅಂಕಗಳು ಮತ್ತು ಪ್ರತಿ ವಿಷಯದಲ್ಲಿ ಕನಿಷ್ಠ 30 ಅಂಕಗಳು ಸಾಕೆಂದು ಪ್ರಕಟಿಸಿದರು. ಇದನ್ನು ಹಳಿಯುವವರ ಸಾಲಿಗೆ ನಾನು ಸೇರುವುದಿಲ್ಲ. ಒಂದೆರಡು ಅಂಕಗಳಿಗಾಗಿ ಒಂದು ಬಾಳು ಮುಗ್ಗರಿಸುವುದು ಯಾರಿಗೂ ಬೇಡ. ಆದರೆ ಹೊಸ್ತಿಲನ್ನು ಎರಡಂಗುಲ ತಗ್ಗಿಸಿದರೆ ಒಳಗೆ ಬರುವವನ ಕಾಲಿನ ಶಕ್ತಿ ಹೆಚ್ಚುವುದಿಲ್ಲ.

ಈ ಶಕ್ತಿ ಎಲ್ಲಿ ಬೆಳೆಯಬೇಕು? ನಮ್ಮ ರಾಜ್ಯದ ಕ್ರಮದಲ್ಲಿ ಸಾಮಾನ್ಯವಾಗಿ ಏಳರವರೆಗೆ ಹಿರಿಯ ಪ್ರಾಥಮಿಕ, ಎಂಟರಿಂದ ಹತ್ತು ಪ್ರೌಢಶಾಲೆ. ಗುಡೂರು, ಕಮತಗಿ, ಅಮೀನಗಡ, ಇಳಕಲ್ಲಿನ ಕಡೆಯ ಹಿರಿಯರಿಗೆ 'ಮುಲ್ಕಿ ಪರೀಕ್ಷೆ' ಎಂಬ ಮಾತು ಇನ್ನೂ ನೆನಪಿದ್ದೀತು. ಮುಂಬಯಿ ಪ್ರಾಂತದ ಕಾಲದಲ್ಲಿ ಏಳನೆಯ ಇಯತ್ತೆಯ ಈ ಪರೀಕ್ಷೆಯನ್ನು ಗೆದ್ದವನಿಗೆ ಊರಿನಲ್ಲಿ ಮಾನವಿತ್ತು, ಪ್ರಾಥಮಿಕ ಶಾಲೆಯ ಮಾಸ್ತರಿಕೆಯೂ ದೊರೆಯುತ್ತಿತ್ತು. ಅಂದಿನವರಿಗೆ ಏಳನೆಯ ತರಗತಿ ಒಂದು ಘಟ್ಟವಾಗಿತ್ತು. ಇಂದು ಅದು ಗುರುತೇ ಇಲ್ಲದ ಮೈಲಿಗಲ್ಲು. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಎಂಟನೆಯ ತರಗತಿಯವರೆಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ಹಕ್ಕಾಗಿ ನೀಡಿತು. ಎಂಟನೆಯದು ಮುಗಿಯುವವರೆಗೆ ಯಾರನ್ನೂ ಅನುತ್ತೀರ್ಣಗೊಳಿಸಕೂಡದೆಂದೂ ವಿಧಿಸಿತು. ಬಡವರ ಮಕ್ಕಳು ಶಾಲೆಯಲ್ಲಿ ಉಳಿಯಲು ಇದು ಕಾರಣವಾಯಿತು, ಸಂದೇಹವಿಲ್ಲ. ಆದರೆ ಅನುತ್ತೀರ್ಣಗೊಳಿಸಬಾರದೆಂಬ ಮಾತನ್ನು ನಾವು, ಹೆತ್ತವರೂ ಸೇರಿ, ವಿಚಾರಿಸಲೇಬಾರದೆಂದು ಅರ್ಥ ಮಾಡಿಕೊಂಡೆವು.

ಇದಕ್ಕೆ ಮದ್ದೆಂದು ಪಬ್ಲಿಕ್ ಪರೀಕ್ಷೆಯನ್ನು ಕೆಳಗಿನ ತರಗತಿಗಳಿಗೂ ತರಬೇಕೆನ್ನುವವರಿದ್ದಾರೆ. ಆ ಪ್ರಯತ್ನದ ಫಲವನ್ನು 2024ರಲ್ಲಿ ನಾವು ಕಂಡೆವು. ಐದು, ಎಂಟು, ಒಂಬತ್ತನೆಯ ತರಗತಿಗಳಿಗೆ ಮಂಡಳಿಯ ಮೂಲಕ ಪರೀಕ್ಷೆ ನಡೆಸುವ ಸರ್ಕಾರದ ಆದೇಶವನ್ನು ಮಾರ್ಚ್ 6ರಂದು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ರದ್ದುಗೊಳಿಸಿತು, ಮರುದಿನ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ನೀಡಿತು, 11ರಂದು ಪರೀಕ್ಷೆ ಆರಂಭವಾಯಿತು, 12ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ನಿಲ್ಲಿಸಿತು, 22ರಂದು ಮತ್ತೆ ಅನುಮತಿ ದೊರೆಯಿತು, 25ರಿಂದ ಉಳಿದ ಪರೀಕ್ಷೆಗಳು ನಡೆದವು, ಏಪ್ರಿಲ್ 8ರಂದು ಫಲಿತಾಂಶಕ್ಕೆ ಸರ್ವೋಚ್ಚ ನ್ಯಾಯಾಲಯದಿಂದ ತಡೆ ಬಂದಿತು. ಹತ್ತು ವರ್ಷದ ಮಗು ಆರಂಭದ ವಿಷಯಗಳನ್ನು ಬರೆದು ಉಳಿದವುಗಳಿಗೆ ಸುಮಾರು ಎರಡು ವಾರ ಕಾಯಿತು. ದೊಡ್ಡವರ ವಾದ ವಿವಾದಗಳಲ್ಲಿ ಯಾರು ಸರಿ ಯಾರು ತಪ್ಪೆಂಬುದನ್ನು ನ್ಯಾಯಶಾಸ್ತ್ರ ಬಲ್ಲವರು ಹೇಳಲಿ. ನನ್ನ ಅಭಿಪ್ರಾಯ ಇಷ್ಟೆ: ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಅರಿಯಲು ಮಂಡಳಿ ಬೇಕಾಗಿಲ್ಲ. ಹದಿನೈದು ನಿಮಿಷ ಬೇಕು, ಒಂದು ಪುಸ್ತಕ ಬೇಕು, ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರು ಬೇಕು.

ಜ್ಞಾನೋಪದೇಶದ ತರಗತಿಗಳಲ್ಲಿ ನನಗೆ ಕಂಡುಬಂದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಆರು, ಏಳನೆಯ ತರಗತಿಗಳ ಮಕ್ಕಳು ಪ್ರಾರ್ಥನೆಗಳನ್ನು ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸುತ್ತಾರೆ. ಎದುರಿಗಿರುವ ಪುಸ್ತಕದಲ್ಲಿ ಅವರ ಕಣ್ಣುಗಳು ಸಾಲಿನಿಂದ ಸಾಲಿಗೆ ಸರಿಯುವುದನ್ನೂ ನೋಡುತ್ತೇವೆ, ಓದುತ್ತಿದ್ದಾರೆಂದೇ ತಿಳಿಯುತ್ತೇವೆ. ಅದೇ ಮಗುವಿಗೆ ಹಿಂದೆಂದೂ ಕೇಳದ ಒಂದು ಪುಟವನ್ನು ತೆರೆದುಕೊಡಿ. ಒತ್ತಕ್ಷರ ಬಂದಲ್ಲಿ ನಿಲ್ಲುತ್ತದೆ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಆರಂಭದಲ್ಲಿ ಏನಿತ್ತೆಂಬುದು ಮರೆತಿರುತ್ತದೆ. ಎಲ್ಲ ಮಕ್ಕಳೂ ಹೀಗೆಂದು ನಾನು ಹೇಳುವುದಿಲ್ಲ, ಚುರುಕಿನ ಮಕ್ಕಳಿದ್ದಾರೆ. ಆದರೆ ಹೀಗಿರುವವರು ಒಬ್ಬಿಬ್ಬರಲ್ಲ, ಮತ್ತು ಅವರು ಈ ಕೊರತೆಯನ್ನು ಮರೆಮಾಚುವುದರಲ್ಲಿ ನಿಪುಣರು. ಏಳು ವರ್ಷ ಅದನ್ನೇ ಅಭ್ಯಾಸ ಮಾಡಿದ್ದಾರಲ್ಲ!

ಇದಕ್ಕೆ ಮಕ್ಕಳನ್ನು ಬಯ್ದು ಫಲವಿಲ್ಲ. 2020ರಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿದ ಮಗುವಿನ ಗತಿಯನ್ನು ಯೋಚಿಸಿರಿ. ಕೋವಿಡ್ ಕಾರಣದಿಂದ ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಆ ಮಗು ಶಾಲೆಯ ಕೊಠಡಿಯಲ್ಲಿ ಮೊದಲ ಬಾರಿಗೆ ಸರಿಯಾಗಿ ಕುಳಿತಾಗ ಎರಡನೆಯ ತರಗತಿಯ ಅರ್ಧ ವರ್ಷ ಕಳೆಯುತ್ತ ಬಂದಿತ್ತು. ವಿದ್ಯಾಗಮವೆಂದು ಗುಡಿಯ ಕಟ್ಟೆ, ಚಾವಡಿಗಳಲ್ಲಿ ಶಿಕ್ಷಕರು ಕೆಲಕಾಲ ಪಾಠ ಹೇಳಿದರು. 2022-23ರಲ್ಲಿ ಕಲಿಕಾ ಚೇತರಿಕೆ ಎಂಬ ಕಾರ್ಯಕ್ರಮವೂ ನಡೆಯಿತು. ಅವರ ಶ್ರಮವನ್ನು ಅಲ್ಲಗಳೆಯಲಾಗದು. ಆದರೂ ಅಕ್ಷರ ಕೂಡಿಸುವ ವಯಸ್ಸು ಕಳೆದುಹೋದದ್ದು ಕಳೆದೇ ಹೋಯಿತು. ಈ ಮಗು ಎಸ್ಸೆಸ್ಸೆಲ್ಸಿಗೆ ಕುಳಿತುಕೊಳ್ಳುವುದು 2030ರಲ್ಲಿ. ಆ ಹೊತ್ತಿಗೆ ಕೋವಿಡ್ಡಿನ ಮಾತು ಎಲ್ಲರಿಗೂ ಹಳತಾಗಿರುತ್ತದೆ, ಉತ್ತರಪತ್ರಿಕೆ ತಿದ್ದುವವರಿಗಂತೂ ಅದು ನೆನಪಿರುವುದಿಲ್ಲ. 2021ರ ವಿದ್ಯಾರ್ಥಿಗಳಿಗೆ ದೊರೆತ ರಿಯಾಯಿತಿ, ಎರಡೇ ದಿನಗಳ ಬಹು ಆಯ್ಕೆಯ ಪರೀಕ್ಷೆ ಮತ್ತು ಬಹುತೇಕ ಎಲ್ಲರೂ ತೇರ್ಗಡೆ, ಇವರಿಗೆ ದೊರೆಯಲಾರದು.

ಏಳರಿಂದ ಎಂಟಕ್ಕೆ ಹೋಗುವಾಗ ಆಗುವ ಬದಲಾವಣೆಯನ್ನು ಹೆತ್ತವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಮಗುವನ್ನು ಹೆಸರು ಹಿಡಿದು ಕರೆಯುವ, ಮನೆ ಬಲ್ಲ ಅಕ್ಕೋರು ಇರುತ್ತಾರೆ. ಪ್ರೌಢಶಾಲೆಯಲ್ಲಿ ಗಂಟೆಗೊಬ್ಬ ಶಿಕ್ಷಕರು ಬರುತ್ತಾರೆ, ಸುತ್ತಲಿನ ಹಳ್ಳಿಗಳಿಂದ ಬಂದ ಅಪರಿಚಿತ ಮಕ್ಕಳಿರುತ್ತಾರೆ, ಬರೆದುಕೊಳ್ಳುವ ವೇಗ ಹೆಚ್ಚು. ಕಳೆದ ವರ್ಷದ ಪಾಠ ಬಂದಿದೆಯೇ ಎಂದು ವಿಚಾರಿಸುವಷ್ಟು ಬಿಡುವು ಯಾರಿಗೂ ಇಲ್ಲ, ಏಕೆಂದರೆ ಎಲ್ಲರ ದೃಷ್ಟಿಯೂ ಹತ್ತನೆಯ ತರಗತಿಯ ಮೇಲಿದೆ. ನಮ್ಮ ನೇಕಾರರಿಗೆ ಈ ಮಾತನ್ನು ಬೇರೆ ರೀತಿಯಲ್ಲಿ ಹೇಳಬಹುದು. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಎಳೆಗೆ ಎಳೆ ಕೂಡಿಸುವ ಪದ್ಧತಿ ಉಂಟಷ್ಟೆ. ಆ ಕೂಡಿಕೆಯ ಕೆಲಸವನ್ನು, ಆದೀತು ಬಿಡು, ಸೆರಗು ನೇಯುವಾಗ ನೋಡಿಕೊಂಡರಾಯಿತು ಎನ್ನುವ ನೇಕಾರನನ್ನು ನಾನು ಕಂಡಿಲ್ಲ. ಮಗುವಿನ ಓದಿನ ವಿಷಯದಲ್ಲಿ ಮಾತ್ರ ಹಾಗೆನ್ನುತ್ತೇವೆ.

ಗಣಿತವನ್ನೇ ತೆಗೆದುಕೊಳ್ಳಿರಿ, ಏಕೆಂದರೆ ನಮ್ಮ ಮಕ್ಕಳು ಹೆಚ್ಚು ಎಡವುವುದು ಅಲ್ಲಿ. ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸಲು ಏಳನೆಯ ತರಗತಿಯ ಮಗುವಿಗೆ ಹೇಳಿ ನೋಡಿರಿ. ಮೇಲಿನ ಒಂದಕ್ಕೆ ಒಂದನ್ನು, ಕೆಳಗಿನ ಎರಡಕ್ಕೆ ಮೂರನ್ನು ಕೂಡಿಸಿ, ಐದನೆಯ ಎರಡು ಎಂದು ಬರೆಯುವ ಮಕ್ಕಳು ಬೇಕಾದಷ್ಟಿದ್ದಾರೆ. ಅರ್ಧ ರೊಟ್ಟಿಗೆ ಇನ್ನಷ್ಟು ರೊಟ್ಟಿ ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾದೀತೇ ಎಂದು ಕೇಳಿದರೆ ಮಗು ನಕ್ಕುಬಿಡುತ್ತದೆ. ತಟ್ಟೆಯ ಮುಂದೆ ಅದಕ್ಕೆ ಗೊತ್ತು, ಪಾಟಿಯ ಮುಂದೆ ಗೊತ್ತಿಲ್ಲ. ಇದನ್ನು ಸಣ್ಣ ತಪ್ಪೆಂದು ಬಿಟ್ಟರೆ ಏನಾಗುತ್ತದೆ? ಹತ್ತನೆಯ ತರಗತಿಯಲ್ಲಿ ಬರುವ ಸಮರೂಪ ತ್ರಿಭುಜಗಳು, ತ್ರಿಕೋನಮಿತಿ, ಸಂಭವನೀಯತೆ ಇವೆಲ್ಲವೂ ಭಿನ್ನರಾಶಿಯ ಬೇರಿನಿಂದಲೇ ಬೆಳೆದ ಕೊಂಬೆಗಳು. ಬೇರು ಐದು, ಆರನೆಯ ತರಗತಿಯಲ್ಲಿ ಕತ್ತರಿಸಿದೆ, ಕೊಂಬೆಗೆ ನೀರು ಹನಿಸಲು ಹತ್ತನೆಯ ತರಗತಿಯಲ್ಲಿ ಟ್ಯೂಷನ್ನಿಗೆ ಹಣ ತೆರುತ್ತೇವೆ. ಋಣ ಸಂಖ್ಯೆಗಳ ಕತೆಯೂ ಹೀಗೆಯೇ. ಸಾಲದ ಲೆಕ್ಕ ಬಲ್ಲ ಮನೆಯಲ್ಲಿ ಹುಟ್ಟಿದ ಮಗುವಿಗೆ ಸೊನ್ನೆಗಿಂತ ಕಡಿಮೆ ಎಂಬುದನ್ನು ತಿಳಿಸುವುದು ಕಷ್ಟವಾಗಬಾರದು.

ವಾರ್ಷಿಕ ಸ್ಥಿತಿಗತಿಯ 'ಅಸರ್' ವರದಿಯ ಬಗ್ಗೆ ಪತ್ರಿಕೆಗಳಲ್ಲಿ ಓದಿರುತ್ತೀರಿ. 2005ರಿಂದ ನಡೆದುಬಂದ ಆ ಸಮೀಕ್ಷೆಯವರು ಹಳ್ಳಿಯ ಮನೆಗಳಿಗೆ ಹೋಗಿ ದೊಡ್ಡ ಪ್ರಶ್ನೆಗಳನ್ನೇನೂ ಕೇಳುವುದಿಲ್ಲ. ಎರಡನೆಯ ತರಗತಿಯ ಮಟ್ಟದ ಒಂದು ಪುಟ್ಟ ಪಾಠವನ್ನು ಓದಿಸುತ್ತಾರೆ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಕೊಡುತ್ತಾರೆ. ಅಷ್ಟೇ ಸಾಕು. ಈ ಪರೀಕ್ಷೆಯನ್ನು ತಾಯಿ ತಂದೆಯರೇ ಮಾಡಬಹುದು. ತಮಗೆ ಓದಲು ಬಾರದಿದ್ದರೂ ಮಾಡಬಹುದು, ಏಕೆಂದರೆ ಮಗು ತಡವರಿಸುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಅಕ್ಷರಜ್ಞಾನ ಬೇಕಿಲ್ಲ, ಕಿವಿಯಿದ್ದರೆ ಸಾಕು. ಮಗು ಓದಿದ್ದನ್ನು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಹೇಳಬೇಕು, ಹುಬ್ಬಳ್ಳಿ ಕಡೆಯ ಮಾತಾದರೂ ಸರಿ, ಮನೆಯ ಕೊಂಕಣಿ ತಮಿಳಾದರೂ ಸರಿ. ಹೇಳಲು ಬಂದರೆ ಅರ್ಥವಾಗಿದೆ.

ನಮ್ಮ ಭಾಷೆಯಲ್ಲಿ ಒಂದು ಸೊಗಸಿದೆ. ಓದುವುದಕ್ಕೂ ರೂಢಿಗೂ ನಾವು ಒಂದೇ ಶಬ್ದವನ್ನು ಬಳಸುತ್ತೇವೆ: ಅಭ್ಯಾಸ. ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ನೀತಿವಿಚಾರದಲ್ಲಿ ಬರುವ ರೂಢಿಯ ಸಿದ್ಧಾಂತವನ್ನು ಅರ್ಥೈಸಿಕೊಳ್ಳಲು ನಮಗೆ ವಾರಗಳು ಹಿಡಿದವು. ಮಾಡುತ್ತ ಮಾಡುತ್ತಲೇ ಮನುಷ್ಯ ಮಾಡಬಲ್ಲವನಾಗುತ್ತಾನೆ ಎಂಬುದು ಅದರ ತಿರುಳು. ಬಾಗಲಕೋಟೆಯ ತಾಯಿ "ಅಭ್ಯಾಸ ಮಾಡು" ಎಂದಾಗ ಅದೆಲ್ಲವನ್ನೂ ಹೇಳಿದ್ದಾಳೆ. ಪರೀಕ್ಷೆಯ ಹಿಂದಿನ ಮೂರು ತಿಂಗಳು ಬೆಳಗಿನ ನಾಲ್ಕು ಗಂಟೆಗೆ ಎಬ್ಬಿಸಿ ಓದಿಸುವುದು ಅಭ್ಯಾಸವಲ್ಲ, ಅವಸರ. ಆರನೆಯ ತರಗತಿಯಿಂದ ಪ್ರತಿದಿನ ಮುಕ್ಕಾಲು ತಾಸು, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ, ಟಿ.ವಿ.ಯೂ ಮೊಬೈಲೂ ಇಲ್ಲದೆ ಕುಳಿತುಕೊಳ್ಳುವುದು ಅಭ್ಯಾಸ. ಮೊದಲ ತಿಂಗಳು ಮಗು ಕಿಟಕಿಯಾಚೆ ನೋಡುತ್ತ ಕುಳಿತರೂ ಚಿಂತೆಯಿಲ್ಲ. ಕುಳಿತುಕೊಳ್ಳುವುದನ್ನೂ ಕಲಿಯಬೇಕಾಗುತ್ತದೆ.

ಟ್ಯೂಷನ್ನಿನ ಮಾತು ಬಂತು. ಸಂತ ತೋಮಸ್ ಅಕ್ವಿನಾಸರು ಗುರುವನ್ನು ವೈದ್ಯನಿಗೆ ಹೋಲಿಸಿದ್ದಾರೆ: ಮದ್ದು ಕೊಡುವವನು ವೈದ್ಯನಾದರೂ ಗುಣವಾಗುವುದು ದೇಹದೊಳಗಿನ ಚೈತನ್ಯದಿಂದ, ಹಾಗೆಯೇ ಕಲಿಸುವವನು ಗುರುವಾದರೂ ಕಲಿಯುವುದು ಶಿಷ್ಯನ ಬುದ್ಧಿಯೇ. ಟ್ಯೂಷನ್ನಿಗೆ ಕಳುಹಿಸಿದ್ದೇವೆಂಬ ನೆಮ್ಮದಿಯಲ್ಲಿ ಮನೆಯಲ್ಲಿ ವಿಚಾರಿಸುವುದನ್ನು ನಿಲ್ಲಿಸುವವರು ಔಷಧದ ಸೀಸೆಯನ್ನು ತಂದು ಗೂಡಿನಲ್ಲಿಟ್ಟು ಜ್ವರ ಇಳಿಯಲೆಂದು ಕಾಯುವವರಂತೆ. ಎಸ್ಸೆಸ್ಸೆಲ್ಸಿಯ ಟ್ಯೂಷನ್ನಿಗೆ ಕೂಡಿಟ್ಟ ಹಣದಲ್ಲಿ ಕಾಲು ಭಾಗವನ್ನಾದರೂ ಏಳನೆಯ ತರಗತಿಯ ಮಗುವಿನ ಭಿನ್ನರಾಶಿಗೆ ವ್ಯಯಿಸಿದರೆ ಹೆಚ್ಚು ಲಾಭ ಎಂದು ನನ್ನ ಅಂದಾಜು.

"ನಮ್ಮ ಕಡೆಯ ಮಣ್ಣೇ ಹೀಗೆ" ಎನ್ನುವವರಿಗೆ ಒಂದು ಮಾತು. 2024ರ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 625 ಅಂಕಗಳನ್ನು ಪಡೆದು ರಾಜ್ಯಕ್ಕೆ ಮೊದಲಿಗಳಾದವಳು ಮಂಗಳೂರಿನವಳೂ ಅಲ್ಲ, ಬೆಂಗಳೂರಿನವಳೂ ಅಲ್ಲ. ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ, ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ, ರೈತನ ಮಗಳು. ಇಲ್ಲಿ ನಾವು ಗಮನಿಸಬೇಕಾದದ್ದು ಆ ಅಂಕಗಳನ್ನಷ್ಟೇ ಅಲ್ಲ. ಈ ವಸತಿ ಶಾಲೆಗಳು ಮಕ್ಕಳನ್ನು ಸೇರಿಸಿಕೊಳ್ಳುವುದು ಆರನೆಯ ತರಗತಿಗೆ. ಸಂಜೆಯ ಓದಿನ ಗಂಟೆ ಅಂದಿನಿಂದಲೇ ಅಲ್ಲಿ ಆರಂಭವಾಗುತ್ತದೆ.

ಇನ್ನು ಕಾಗದಪತ್ರಗಳ ವಿಷಯ. ಇದು ಬೇಸರದ ವಿಷಯವೆಂದು ಯಾರೂ ಬರೆಯುವುದಿಲ್ಲ, ಆದರೆ ದೀಕ್ಷಾಸ್ನಾನದ ದಾಖಲೆ ಪುಸ್ತಕವನ್ನು ಕಾಯುವವನಾಗಿ ನನಗೆ ಇದನ್ನು ಬಿಡಲಾಗದು. ಒಬ್ಬನೇ ಬಾಲಕ ಧರ್ಮಕೇಂದ್ರದ ದಾಖಲೆಯಲ್ಲಿ ಅಂತೋನಿ, ಶಾಲೆಯ ದಾಖಲೆಯಲ್ಲಿ ಅಂತೋಣಪ್ಪ, ಆಧಾರ್ ಕಾರ್ಡಿನಲ್ಲಿ ಆಂಟನಿ. ತಂದೆಯ ಹೆಸರು ಒಂದೆಡೆ ಮನೆತನದ ಅಡ್ಡಹೆಸರಿನೊಡನೆ, ಇನ್ನೊಂದೆಡೆ ಅದಿಲ್ಲದೆ. ಜನ್ಮದಿನಾಂಕದ ಕತೆ ಇನ್ನೂ ವಿಚಿತ್ರ. ಶಾಲೆಗೆ ಸೇರಿಸುವ ದಿನ ಹೆತ್ತವರಿಗೆ ನೆನಪಾಗದೆ ಮಾಸ್ತರರು ಬರೆದುಕೊಂಡ ಜೂನ್ 1 ಎಷ್ಟೋ ಮಕ್ಕಳ ಹುಟ್ಟುಹಬ್ಬವಾಗಿದೆ. ಹಳೆಯ ರಜಿಸ್ಟರುಗಳನ್ನು ನೋಡಿದರೆ ಊರಿಗೆ ಊರೇ ಒಂದೇ ದಿನ ಹುಟ್ಟಿದಂತೆ ತೋರುತ್ತದೆ! ಎಸ್ಸೆಸ್ಸೆಲ್ಸಿಯ ಅಂಕಪಟ್ಟಿಯಲ್ಲಿ ಅಚ್ಚಾಗುವ ಹೆಸರು ಮತ್ತು ದಿನಾಂಕ ಮುಂದೆ ಜೀವಮಾನವಿಡೀ ನೌಕರಿಗೆ, ಪಾಸ್‌ಪೋರ್ಟಿಗೆ, ಪಿಂಚಣಿಗೆ ಆಧಾರವಾಗುತ್ತದೆ. ಶಾಲೆಯ ದಾಖಲೆಗಳು ಈಗ ಕಂಪ್ಯೂಟರಿನಲ್ಲಿವೆ. ಏಳು, ಎಂಟನೆಯ ತರಗತಿಯಲ್ಲಿರುವಾಗಲೇ ಮುಖ್ಯೋಪಾಧ್ಯಾಯರನ್ನು ಕಂಡು, ಪುರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಈ ಮೂರರಲ್ಲಿ ಅಕ್ಷರಕ್ಕೆ ಅಕ್ಷರ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ಜನ್ಮದಿನಾಂಕವನ್ನು ತಿದ್ದಿಸಲು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ದೀಕ್ಷಾಸ್ನಾನದ ಪತ್ರ ಜನನ ಪ್ರಮಾಣಪತ್ರಕ್ಕೆ ಬದಲಾಗದು ಎಂಬುದನ್ನೂ ತಿಳಿದಿರಬೇಕು. ಅದನ್ನು ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದು ಬರಿಗೈಯಲ್ಲಿ ಮರಳುವವರನ್ನು ಪ್ರತಿ ವರ್ಷ ಕಾಣುತ್ತೇನೆ.

ವಿದ್ಯಾರ್ಥಿವೇತನದ ವಿಷಯದಲ್ಲಿಯೂ ಏಳನೆಯ ತರಗತಿಗೆ ಮಹತ್ವವಿದೆ. ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವೇತನವನ್ನು ಕೇಂದ್ರ ಸರ್ಕಾರ 2022ರಲ್ಲಿ ಒಂದರಿಂದ ಎಂಟನೆಯ ತರಗತಿಯವರಿಗೆ ನಿಲ್ಲಿಸಿದ ಮೇಲೆ ನಮ್ಮ ಅನೇಕ ಕುಟುಂಬಗಳು ಇನ್ನೇನೂ ಇಲ್ಲವೆಂದು ಕೈಚೆಲ್ಲಿದವು. ಆದರೆ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ ಇದೆ. ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಇದನ್ನು ಬರೆಯಬಹುದು, ಜಾತಿ ಮತಗಳ ಭೇದವಿಲ್ಲ. ಹೆತ್ತವರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಬುದ್ಧಿಶಕ್ತಿಯ 90 ಪ್ರಶ್ನೆಗಳು, ಪಠ್ಯವಿಷಯದ 90 ಪ್ರಶ್ನೆಗಳು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಗಳು, ನಾಲ್ಕು ವರ್ಷಕ್ಕೆ 48,000. ಅದನ್ನು ಬರೆಯಲು ಏಳನೆಯ ತರಗತಿಯಲ್ಲಿ ಶೇ. 55 ಅಂಕಗಳಿರಬೇಕು, ಪರಿಶಿಷ್ಟರಿಗೆ ಶೇ. 50. ಏಳನೆಯದನ್ನು ಲಕ್ಷಿಸದವರಿಗೆ ಎಂಟನೆಯದರಲ್ಲಿ ಬಾಗಿಲೇ ತೆರೆಯುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಮಾತನ್ನು ಈಗ ಹೇಳುತ್ತೇನೆ. ನಮ್ಮ ಭಾಗದಿಂದ ಗೋವೆಗೆ, ಮಂಗಳೂರಿಗೆ, ಉಡುಪಿಗೆ ಕಟ್ಟಡದ ಕೆಲಸಕ್ಕೆ ಹೋಗುವ ಕುಟುಂಬಗಳು ಮಕ್ಕಳನ್ನು ನಡುವರ್ಷದಲ್ಲಿ ಕರೆದುಕೊಂಡು ಹೋಗುತ್ತವೆ. ಹಿಂದಿರುಗಿದಾಗ ಮಗು ಎರಡು ಶಾಲೆಗಳ ನಡುವೆ ಕಳೆದುಹೋಗಿರುತ್ತದೆ. ಹೊಟ್ಟೆಪಾಡಿನ ಮುಂದೆ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಕೇಳಿಕೊಳ್ಳುವುದು ಇಷ್ಟೆ: ಆರರಿಂದ ಎಂಟನೆಯ ತರಗತಿಯ ಮಗುವನ್ನು ಅಜ್ಜಿಯ ಬಳಿಯಲ್ಲೋ ಸರ್ಕಾರಿ ವಿದ್ಯಾರ್ಥಿನಿಲಯದಲ್ಲೋ ಬಿಡಲು ಸಾಧ್ಯವೇ ಎಂದು ಮೊದಲು ನೋಡಿರಿ. ಸಾಧ್ಯವೇ ಇಲ್ಲದಿದ್ದರೆ ವರ್ಗಾವಣೆ ಪತ್ರ ಪಡೆದು, ಹೋದ ಊರಿನ ಶಾಲೆಗೆ ಮೊದಲ ವಾರದಲ್ಲಿಯೇ ಸೇರಿಸಿರಿ. ಮಗ್ಗದ ಮನೆಗಳಲ್ಲಿ ಮಗು ಕಂಡಿಕೆ ಸುತ್ತುವುದು ಹೊಸದೇನಲ್ಲ. 2016ರ ಬಾಲಕಾರ್ಮಿಕ ಕಾಯಿದೆಯ ತಿದ್ದುಪಡಿಯೂ ಶಾಲೆಯ ಹೊತ್ತಿನ ನಂತರ ಅಪಾಯಕಾರಿಯಲ್ಲದ ಕುಟುಂಬದ ಕಸುಬಿಗೆ ನೆರವಾಗುವುದನ್ನು ಒಪ್ಪುತ್ತದೆ. ಒಪ್ಪಬಾರದಿತ್ತೆಂದು ನಾನು ಬಲವಾಗಿ ನಂಬುತ್ತೇನೆ, ಏಕೆಂದರೆ ಶಾಲೆಯ ಹೊತ್ತಿನ ನಂತರದ ಹೊತ್ತೇ ಅಭ್ಯಾಸದ ಹೊತ್ತು. ಎಂಟನೆಯ ತರಗತಿಗೆ ಬಂದ ಹೆಣ್ಣುಮಗಳನ್ನು, ಹೈಸ್ಕೂಲು ದೂರವೆಂಬ ಕಾರಣ ಕೊಟ್ಟು, ಮನೆಗೆಲಸಕ್ಕೆ ನಿಲ್ಲಿಸುವವರು ಇಂದಿಗೂ ಇದ್ದಾರೆ. 2006-07ರಲ್ಲಿ ಆರಂಭವಾಗಿ ಎಂಟನೆಯ ತರಗತಿಯ ಮಕ್ಕಳಿಗೆ ದೊರೆಯುತ್ತಿದ್ದ ಸರ್ಕಾರದ ಸೈಕಲ್ಲು ಕೋವಿಡ್ ಕಾಲದಲ್ಲಿ ನಿಂತುಹೋಯಿತು, ಅದು ದೊಡ್ಡ ನಷ್ಟ. ಆದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ. ದೂರದ ನೆಪಕ್ಕೆ ಮೊದಲಿನ ಬಲ ಉಳಿದಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂಬುದಾದರೆ ನಾಲ್ಕಾರು ತಂದೆಯರು ಕೂಡಿ ಘಟಕ ವ್ಯವಸ್ಥಾಪಕರಿಗೆ ಒಂದು ಮನವಿ ಬರೆಯಲಿ, ಬರೆದುಕೊಡಲು ನಾನಿದ್ದೇನೆ.

ಧರ್ಮಕೇಂದ್ರಗಳು ಏನು ಮಾಡಬಹುದು? ಹಿಂದಿನ ಕಾಲದಲ್ಲಿ ಕರಾವಳಿಯ ಅನೇಕ ಇಗರ್ಜಿಗಳ ಪಕ್ಕದಲ್ಲಿ ಒಂದು ಪ್ರಾಥಮಿಕ ಶಾಲೆ ಇರುತ್ತಿತ್ತು. ಎಲ್ಲ ಮತದ ಮಕ್ಕಳೂ ಅಲ್ಲಿ ಕಲಿತರು. ನಮ್ಮ ಚಿಕ್ಕ ಚಿಕ್ಕ ಧರ್ಮಕೇಂದ್ರಗಳಿಗೆ ಶಾಲೆ ಕಟ್ಟುವ ಶಕ್ತಿಯಿಲ್ಲದಿರಬಹುದು, ಆದರೆ ಸಭಾಭವನವಿದೆ, ವಿದ್ಯುದ್ದೀಪವಿದೆ, ವಾರದ ಆರು ಸಂಜೆ ಅದು ಖಾಲಿಯಿರುತ್ತದೆ. ಒಂದೇ ಕೋಣೆಯ ಮನೆಯಲ್ಲಿ, ಮಗ್ಗದ ಸದ್ದಿನಲ್ಲಿ, ಟಿ.ವಿ.ಯ ಎದುರಿನಲ್ಲಿ ಕುಳಿತು ಓದಲಾರದ ಮಗುವಿಗೆ ಬೇಕಾದದ್ದು ಹೆಚ್ಚಾಗಿ ಅಷ್ಟೆ. ನಮ್ಮ ಧರ್ಮಕೇಂದ್ರದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಏಳರಿಂದ ಎಂಟರವರೆಗೆ ಸಭಾಭವನವನ್ನು ಆರು, ಏಳು, ಎಂಟನೆಯ ತರಗತಿಗಳ ಮಕ್ಕಳಿಗಾಗಿ ತೆರೆದಿಡಲು ತೀರ್ಮಾನಿಸಿದ್ದೇವೆ. ಯಾವ ಮತದ ಮಗುವಾದರೂ ಬರಬಹುದು. ಪಾಠ ಹೇಳಲಾಗುವುದಿಲ್ಲ. ಮಕ್ಕಳು ಓದುತ್ತಾರೆ, ಒಬ್ಬ ಹಿರಿಯರು ಕುಳಿತು ಕೇಳುತ್ತಾರೆ. ದಿನಕ್ಕೊಬ್ಬರಂತೆ ಐದು ಮಂದಿ ಬೇಕಾಗಿದ್ದಾರೆ. ನಿವೃತ್ತ ಶಿಕ್ಷಕರೇ ಆಗಬೇಕೆಂದಿಲ್ಲ, ಪಿಯುಸಿ ಓದುತ್ತಿರುವ ಹುಡುಗಿಯರೂ ಆದೀತು. ಇಬ್ಬರು ಈಗಾಗಲೇ ಒಪ್ಪಿದ್ದಾರೆ. ಉಳಿದ ಮೂವರು ಭಾನುವಾರದ ಪೂಜೆಯ ನಂತರ ಹೆಸರು ತಿಳಿಸಬಹುದು.